ಫೋನು ಓದಿ ಹೇಳುತ್ತೆ, ಸಹಿ ಹಾಕೋರು ನಾವು

(ತಳಿ ಭಾಗದ ಯುವಕ ಯುವತಿಯರು ಸೇರಿದ್ದ ಭಾನುವಾರದ ಸಭೆಯಲ್ಲಿ ಆಡಿದ ಮಾತು. ಬರಲಾಗದ ಗೆಳೆಯರು ಕೇಳಿದ್ದರಿಂದ ಬರೆದು ಹಾಕುತ್ತಿದ್ದೇವೆ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.)



ಇವತ್ತು ನಮಗೆ ಕೊಟ್ಟಿರೋ ವಿಷಯ ಫೋನಿನಲ್ಲಿ ಭಾಷಾಂತರ ಮಾಡೋ ಆ್ಯಪ್‌ಗಳು. ನಾವು ಕಂಪ್ಯೂಟರ್ ಓದಿದವರಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತವರು. ಹಾಗಾಗಿ ಆ್ಯಪ್ ಒಳಗೆ ಏನೇನು ನಡೆಯುತ್ತೆ ಅಂತ ಇಂಜಿನಿಯರ್ ಹೇಳೋ ಹಾಗೆ ಹೇಳೋಕ್ಕಾಗಲ್ಲ. ಕೌಂಟರಿನ ಈ ಕಡೆಯಿಂದ ನಮ್ಮ ಜನರ ಕೈಯಲ್ಲಿ ಅದು ಹೇಗೆ ಕಾಣುತ್ತೆ ಅನ್ನೋದನ್ನು ಹೇಳ್ತೀವಿ.

ಹತ್ತು ವರ್ಷದ ಹಿಂದೆ ಹಳ್ಳಿಯಿಂದ ಬಂದವರು ಕಾಗದ ಮುಂದಕ್ಕೆ ತಳ್ಳಿ, "ಏನ್ ಬರ್ದವ್ರೆ ಒಸಿ ಓದಿ ಹೇಳಿ ಸಾರ್" ಅನ್ನೋರು. ಈಗ ಹಂಗಲ್ಲ. ಜೊತೆಗೆ ಒಬ್ಬ ಮೊಮ್ಮಗನೋ ಮಗಳೋ ಬಂದಿರ್ತಾರೆ, ಕಾಗದದ ಮೇಲೆ ಫೋನು ಹಿಡೀತಾರೆ, ತಮಿಳಿನ ಅಕ್ಷರದ ಮೇಲೇ ಕನ್ನಡ ಅಕ್ಷರ ಮೂಡುತ್ತೆ. ನೋಡೋಕೆ ಮಾಟದ ಥರ ಇರುತ್ತೆ. ನಮಗೂ ಮೊದಲ ಸಲ ನೋಡಿದಾಗ ಖುಷಿಯಾಯ್ತು. ಇದು ಎಷ್ಟು ಹೊಸದು ಅಂದರೆ, 2006ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಶುರುವಾದಾಗ ಅದರಲ್ಲಿ ಕನ್ನಡವೇ ಇರಲಿಲ್ಲ. 2011ರ ಜೂನ್‌ನಲ್ಲಿ ತಮಿಳು, ತೆಲುಗು, ಬಂಗಾಳಿ, ಗುಜರಾತಿ ಜೊತೆಗೆ ಕನ್ನಡ ಬಂತು. ಆಗ ಬರ್ತಿದ್ದ ಕನ್ನಡ ನೆನಪಿದೆಯಲ್ಲಾ? ಪದಗಳನ್ನು ಚೀಲಕ್ಕೆ ಹಾಕಿ ಕುಲುಕಿ ಸುರಿದ ಹಾಗೆ. 2017ರಲ್ಲಿ ಒಂದೊಂದು ಪದದ ಬದಲು ಇಡೀ ವಾಕ್ಯ ನೋಡಿ ಅನುವಾದಿಸೋ ಹೊಸ ವಿಧಾನ ಕನ್ನಡಕ್ಕೂ ಬಂತು, ಅಲ್ಲಿಂದ ಸುಧಾರಿಸಿತು. 2024ರ ಜೂನ್‌ನಲ್ಲಿ ಒಂದೇ ಸಲ 110 ಭಾಷೆ ಸೇರಿಸಿದರು, ಅದರಲ್ಲಿ ನಮ್ಮ ತುಳುವೂ ಇದೆ.

ನಮ್ಮ ಕಡೆ ಇದರ ಉಪಯೋಗ ಎಷ್ಟು ಅಂತ ನಿಮಗೇ ಗೊತ್ತು. ಹೊಸೂರು ಸಿಪ್ಕಾಟ್ ಕಡೆ ಬಾಡಿಗೆ ಮನೆಗಳಲ್ಲಿ ಒಡಿಶಾ, ಬಿಹಾರ, ಜಾರ್ಖಂಡಿನ ಹುಡುಗ ಹುಡುಗಿಯರು ತುಂಬಿದ್ದಾರೆ. ಅಂಗಡಿಯಲ್ಲಿ ಫೋನು ಮುಂದಿಟ್ಟು ಮಾತಾಡಿಸ್ತಾರೆ, ನಮ್ಮವರೂ ಫೋನಲ್ಲೇ ಉತ್ತರ ಕೊಡ್ತಾರೆ. ಹಸಿರುಮನೆಯಲ್ಲಿ ಗುಲಾಬಿ ಬೆಳೆಯೋ ರೈತರಿದ್ದಾರೆ, ಫೆಬ್ರವರಿಯಲ್ಲಿ ಪ್ರೇಮಿಗಳ ದಿನಕ್ಕೆ ಹೊಸೂರಿನ ಹೂವು ವಿದೇಶಕ್ಕೆ ಹೋಗುತ್ತೆ. ಅಲ್ಲಿನ ಡ್ರಿಪ್ ಮೋಟಾರಿನ ಮೇಲೆ ಚೀನಾ ಅಕ್ಷರ ಇದ್ದರೂ ಹುಡುಗರು ಕ್ಯಾಮೆರಾ ಹಿಡಿದು ಓದ್ತಾರೆ. ಇಂಥಲ್ಲೆಲ್ಲಾ ಒಂದೆರಡು ಪದ ತಪ್ಪಿದರೆ ನಕ್ಕು ಸುಮ್ಮನಾಗಬಹುದು. ಈರುಳ್ಳಿ ಬದಲು ಬೆಳ್ಳುಳ್ಳಿ ಬಂದರೆ ವಾಪಸ್ ಕೊಟ್ಟರಾಯ್ತು.

ನಾವು ಮಾತಾಡಬೇಕು ಅಂದುಕೊಂಡಿರೋದು ವಾಪಸ್ ಕೊಡೋಕ್ಕಾಗದ ಕಾಗದಗಳ ಬಗ್ಗೆ.

ಒಂದು ವಿಷಯ ಸ್ಪಷ್ಟ ಮಾಡಿಬಿಡೋಣ. ತಮಿಳು ನಮಗೆ ಪರದೇಶದ ಭಾಷೆ ಅಲ್ಲ. ಸಂತೆಯಲ್ಲಿ, ಬಸ್ಸಲ್ಲಿ, ಫ್ಯಾಕ್ಟರಿಯಲ್ಲಿ ಆಡ್ತೀವಿ, ಜಗಳ ಆಡೋವಷ್ಟು ಚೆನ್ನಾಗೇ ಆಡ್ತೀವಿ. ಕಷ್ಟ ಕೊಡೋದು ಕಚೇರಿ ತಮಿಳು. 'ವಿಲ್ಲಂಗಂ ಸಾನ್ರಿದಳ್' ಅಂದರೆ ಇಸಿ, ಋಣಭಾರ ಪತ್ರ. ಈ ಪದ ಕೇಳಿದರೆ ತಮಿಳು ಮನೆಮಾತಿನವರೇ ಎಷ್ಟೋ ಜನ ಒಂದು ಕ್ಷಣ ನಿಲ್ತಾರೆ. ಅದೂ ಅಲ್ಲದೆ ನಮ್ಮ ಮನೆಗಳಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇದೆ. ಅಜ್ಜಿ ತಾತ ಕನ್ನಡ ಶಾಲೆಯಲ್ಲಿ ಓದಿದವರು, ಕನ್ನಡ ಅಕ್ಷರ ಬರುತ್ತೆ, ತಮಿಳು ಅಕ್ಷರ ಬರಲ್ಲ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಶಾಲೆಗೆ ಸೇರಿದ ಮಕ್ಕಳಿಗೆ ತಮಿಳು ಅಕ್ಷರ ಬರುತ್ತೆ, ಎಷ್ಟೋ ಮಕ್ಕಳಿಗೆ ಕನ್ನಡ ಅಕ್ಷರ ಬರಲ್ಲ. ಮನೆಯಲ್ಲಿ ಆಡೋದು ಮಾತ್ರ ಎಲ್ಲರೂ ಕನ್ನಡವೇ. ಒಂದೇ ಮನೆ, ಒಂದೇ ಮಾತು, ಎರಡು ಅಕ್ಷರ. ನಡುವೆ ಫೋನು ಕೂತಿದೆ. ಮೊಮ್ಮಗನಿಗೆ ಫೋನು ತೋರಿಸೋ ಕನ್ನಡ ಓದೋಕೂ ಬರಲ್ಲ, ಸ್ಪೀಕರ್ ಗುರುತು ಒತ್ತಿ ಅದರ ಬಾಯಿಂದಲೇ ಅಜ್ಜಿಗೆ ಕೇಳಿಸ್ತಾನೆ. ಇದು ನಾವು ಕಣ್ಣಾರೆ ನೋಡಿರೋದು.

ಕೌಂಟರಿನಲ್ಲಿ ನಡೆದ ಒಂದು ಸಂಗತಿ. ಓಲೆ ಅಡವಿಟ್ಟಿದ್ದ ಅಜ್ಜಿಯೊಬ್ಬರು, ಬೇರೆ ಕಡೆ ಅಡವಿಟ್ಟಿದ್ದು, ಒಂದು ನೋಟಿಸ್ ಹಿಡಿದು ಬಂದರು. ಮೊಮ್ಮಗ ಫೋನು ಹಿಡಿದ. 'ವಟ್ಟಿ' ಅಂತಿದ್ದ ಕಡೆ 'ಆಸಕ್ತಿ' ಅಂತ ಬಂತು. ಹುಡುಗ ನಗಾಡಿದ, "ಅಜ್ಜಿ, ಅವ್ರಿಗೆ ನಿನ್ ಮ್ಯಾಲೆ ಭಾರಿ ಆಸಕ್ತಿ ಅಂತೆ!" ನಾವೂ ನಕ್ಕೆವು. ಆಮೇಲೆ ಕೆಳಗಿನ ಸಾಲು ಓದಿದರೆ, ಕಂತು ಕಟ್ಟದಿದ್ದರೆ ಒಡವೆ 'ಏಲಂ', ಅಂದರೆ ಹರಾಜು, ಅಂತ ದಿನಾಂಕ ಸಮೇತ ಇತ್ತು. ಹನ್ನೊಂದು ದಿನ ಉಳಿದಿತ್ತು. ಹುಡುಗ ಅಲ್ಲಿಯವರೆಗೆ ಕ್ಯಾಮೆರಾ ಇಳಿಸಿರಲೇ ಇಲ್ಲ. ಅಜ್ಜಿ ಮಾರನೇ ದಿನವೇ ಹೋಗಿ ಬಡ್ಡಿ ಕಟ್ಟಿ ರಿನ್ಯೂ ಮಾಡಿಸಿದರು, ಓಲೆ ಉಳೀತು.

ಈ 'ಆಸಕ್ತಿ' ಎಲ್ಲಿಂದ ಬಂತು ಅಂತ ಯೋಚನೆ ಮಾಡಿ. ತಮಿಳಿನ ವಟ್ಟಿಗೆ ಸಾಲದ ಲೆಕ್ಕದಲ್ಲಿ ಒಂದೇ ಅರ್ಥ. ಕನ್ನಡದ ಬಡ್ಡಿಗೂ ಒಂದೇ ಅರ್ಥ. ಎರಡೂ ಅಕ್ಕಪಕ್ಕದ ಮನೆಯ ಪದ. ತೊಂದರೆ ಏನಪ್ಪಾ ಅಂದರೆ, ಇಂಥ ಆ್ಯಪ್‌ಗಳು ಬಹಳ ಕಾಲ ತಮಿಳಿಂದ ನೇರ ಕನ್ನಡಕ್ಕೆ ಬರ್ತಾ ಇರಲಿಲ್ಲ. ಮೊದಲು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಇಳೀತಿದ್ದವು. ಆ ಅಭ್ಯಾಸದ ಗುರುತು ಇನ್ನೂ ಇದೆ. ತಳಿಯಿಂದ ಜವಳಗಿರಿಗೆ ಹೋಗೋಕೆ ಲಂಡನ್ ಮೇಲೆ ಹೋದ ಹಾಗೆ. ದಾರಿಯಲ್ಲಿ 'ಇಂಟರೆಸ್ಟ್' ಅನ್ನೋ ಪದ ಸಿಗುತ್ತೆ, ಅದಕ್ಕೆ ಬಡ್ಡಿ ಅಂತಲೂ ಅರ್ಥ, ಆಸಕ್ತಿ ಅಂತಲೂ ಅರ್ಥ. ಬ್ಯಾಂಕಿನ ಭಾಷೆ ತುಂಬಾ ಇಂಥ ಪದಗಳೇ. 'ಪ್ರಿನ್ಸಿಪಲ್' ಅಂದರೆ ಅಸಲೂ ಹೌದು, ಕಾಲೇಜಿನ ಪ್ರಾಂಶುಪಾಲರೂ ಹೌದು. 'ಬ್ಯಾಲೆನ್ಸ್' ಬಾಕಿಯೂ ಹೌದು, ಸಮತೋಲನವೂ ಹೌದು. 'ಚಾರ್ಜ್' ಶುಲ್ಕವೂ ಹೌದು, ಆರೋಪವೂ ಹೌದು. ಉದ್ದ ವಾಕ್ಯ ಕೊಟ್ಟರೆ ಈಗಿನ ಆ್ಯಪ್‌ಗಳು ಸಂದರ್ಭ ನೋಡಿ ಹೆಚ್ಚಾಗಿ ಸರಿ ಪದವನ್ನೇ ಆರಿಸ್ತವೆ. ಒಂದೇ ಪದದ ಕಾಲಂ, ಫಾರಂನ ಖಾನೆ, ಎಸ್ಸೆಮ್ಮೆಸ್ಸಿನ ತುಂಡು ಸಾಲು ಕೊಟ್ಟರೆ ಅದಕ್ಕೆ ಸಂದರ್ಭ ಎಲ್ಲಿ ಸಿಗಬೇಕು? ನಮ್ಮ ದುಡ್ಡಿನ ವ್ಯವಹಾರ ಬಹುಪಾಲು ಇರೋದೇ ಇಂಥ ತುಂಡು ಸಾಲುಗಳಲ್ಲಿ.

ಈಗ ಪಟ್ಟಾ ವಿಷಯಕ್ಕೆ ಬನ್ನಿ. ಆನ್‌ಲೈನಿನಲ್ಲಿ ಪಟ್ಟಾ ತೆಗೆದರೆ ಮೇಲ್ಗಡೆ 'ಮಾವಟ್ಟಂ', 'ವಟ್ಟಂ', 'ವರುವಾಯ್ ಕಿರಾಮಂ' ಅಂತಿರುತ್ತೆ. ವಟ್ಟಂ ಅಂದರೆ ತಾಲ್ಲೂಕು, ದುಂಡಗಿರೋ ವೃತ್ತಕ್ಕೂ ಅದೇ ಪದ. ವರುವಾಯ್ ಅಂದರೆ ಆದಾಯ, ಇಲ್ಲಿ ಕಂದಾಯ ಗ್ರಾಮ ಅಂತ ಅರ್ಥ. ಯಂತ್ರ 'ವೃತ್ತ', 'ಆದಾಯ ಗ್ರಾಮ' ಅಂದರೆ ಗಾಬರಿಯಾಗಬೇಡಿ. 'ಪುಲ ಎಣ್' ಸರ್ವೆ ನಂಬರ್, 'ಉಟ್ಪಿರಿವು' ಅದರ ಸಬ್ ಡಿವಿಷನ್. 'ನನ್‌ಸೆಯ್' ನೀರಾವರಿ ತರಿ, 'ಪುನ್‌ಸೆಯ್' ಮಳೆ ನಂಬಿದ ಖುಷ್ಕಿ. 'ತೀರ್ವೈ' ಕಂದಾಯ. ಇದರ ಮುಂದೆ 'ಹೆಕ್ - ಏರ್' ಅಂತ ಅಂಕಿ ಇರುತ್ತಲ್ಲಾ, ಅದನ್ನು ಯಾವ ಆ್ಯಪೂ ಬಿಡಿಸಿ ಹೇಳಲ್ಲ, ಇದ್ದ ಹಾಗೇ ತೋರಿಸುತ್ತೆ. 0 - 40.50 ಅಂತಿದ್ದರೆ ಸೊನ್ನೆ ಹೆಕ್ಟೇರ್, ನಲವತ್ತೂವರೆ ಏರ್. ಒಂದು ಏರ್ ಅಂದರೆ 100 ಚದರ ಮೀಟರ್, ಸುಮಾರು ಎರಡೂವರೆ ಸೆಂಟು. ಅತ್ತಿಬೆಲೆ ಆಚೆ ನೆಂಟರಿರೋರಿಗೆ ಒಂದು ಸುಲಭದ ಲೆಕ್ಕ: ಒಂದು ಏರ್ ಹೆಚ್ಚುಕಡಿಮೆ ಒಂದು ಗುಂಟೆ. ನಲವತ್ತು ಗುಂಟೆ ಒಂದು ಎಕರೆ ಅನ್ನೋ ಹಾಗೆ ನಲವತ್ತೂವರೆ ಏರ್ ಒಂದು ಎಕರೆ. ಸೊನ್ನೆ ನೋಡಿ "ನಮ್ ಪಟ್ಟಾದಲ್ಲಿ ಜಮೀನೇ ಇಲ್ಲ" ಅಂತ ಹೆದರಿ ಬಂದವರನ್ನು ನೋಡಿದ್ದೇವೆ.

ಇಸಿಯಲ್ಲಿ ಇನ್ನೊಂದು ಚಂದದ ಸಂಗತಿ ಇದೆ. ಅಲ್ಲಿ ಎರಡು ಕಾಲಂ ಇರುತ್ತೆ, 'ಎಳುದಿಕ್ಕೊಡುತ್ತವರ್', 'ಎಳುದಿ ವಾಂಗಿಯವರ್'. ನಮ್ಮ ಹಳೇ ಕ್ರಯಪತ್ರದಲ್ಲೂ ಇದೇ ಇದೆ ನೋಡಿ, ಬರೆದುಕೊಟ್ಟವರು, ಬರೆಸಿಕೊಂಡವರು. ಬರೆದುಕೊಟ್ಟವರು ಅಂದರೆ ಮಾರಿದವರು ಅಥವಾ ಅಡಮಾನ ಇಟ್ಟವರು, ಬರೆಸಿಕೊಂಡವರು ಅಂದರೆ ಪಡೆದವರು. ತಮಿಳು ಕನ್ನಡ ಎರಡೂ ಒಂದಕ್ಕೊಂದು ಅಚ್ಚು ಹಾಕಿದ ಹಾಗೆ ಕೂಡ್ತವೆ. ಇಂಗ್ಲಿಷ್ ದಾರಿ ಹಿಡಿದು ಬಂದರೆ ಇದು 'ಬರೆದವರು', 'ಬರೆದು ಖರೀದಿಸಿದವರು' ಅಂತ ಏನೇನೋ ಆಗಿ, ಯಾರು ಕೊಟ್ಟರು ಯಾರು ಪಡೆದರು ಅನ್ನೋದೇ ಮಸುಕಾಗಬಹುದು. ಜಮೀನಿನ ವಿಷಯದಲ್ಲಿ ಅದೊಂದು ಗೊತ್ತಾಗದೆ ಇದ್ದರೆ ಇನ್ನೇನು ಗೊತ್ತಾದ ಹಾಗಾಯ್ತು? ಇನ್ನು ತಾತನ ಕಾಲದ ಕೈಬರಹದ ಪತ್ರಗಳನ್ನಂತೂ ಕ್ಯಾಮೆರಾಕ್ಕೆ ತೋರಿಸಲೇಬೇಡಿ. ಅಚ್ಚಿನ ಅಕ್ಷರಕ್ಕೆ ಕಲಿತ ಕಣ್ಣು ಅದು. ಹಳೇ ಬರಹಗಾರರ ಕೈಯನ್ನು ಹಳೇ ಬರಹಗಾರರೇ ಓದಬೇಕು. ಅಂಥವರು ಕೃಷ್ಣಗಿರಿ, ಹೊಸೂರು ರಿಜಿಸ್ಟ್ರಾರ್ ಕಚೇರಿಗಳ ಸುತ್ತ ಇನ್ನೂ ಸಿಗ್ತಾರೆ.

ಹೆಸರಿನ ವಿಷಯ ನಮ್ಮ ಬ್ಯಾಂಕಿನವರಿಗೆ ದಿನಾ ಬರೋ ತಲೆನೋವು. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪ, ಬ, ಭ ಕ್ಕೂ ಒಂದೇ. ಅದು ಆ ಲಿಪಿಯ ಕೊರತೆ ಅಲ್ಲ, ತಮಿಳಿಗೆ ಅಷ್ಟು ಸಾಕು. ಓದೋರು ಜಾಗ ನೋಡಿ ಉಚ್ಚಾರ ಮಾಡ್ತಾರೆ. ಆದರೆ ಬಸಪ್ಪ ಅಂತ ತಮಿಳಿನಲ್ಲಿ ಬರೆದರೆ ಅದು ಬಸಪ್ಪನೋ ಪಸಪ್ಪನೋ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಗೋವಿಂದಪ್ಪ ಕೋವಿಂದಪ್ಪ ಆಗ್ತಾನೆ, ಭೀಮಕ್ಕ ಪೀಮಕ್ಕ ಆಗ್ತಾಳೆ. ಊರಿನ ಹೆಸರೇ ನೋಡಿ. ಹೊಸ ಊರು ನಮ್ಮ ಹೊಸೂರು, ತಮಿಳು ಬೋರ್ಡಿನಲ್ಲಿ ಓಸೂರ್. ದೇಂಕಣಿಕೋಟೆ ತಮಿಳಿನಲ್ಲಿ 'ತೇನ್‌ಕನಿಕ್ಕೋಟ್ಟೈ', ಅದನ್ನು ಬಿಡಿಸಿದರೆ ಜೇನು ಹಣ್ಣಿನ ಕೋಟೆ! ಬೇರಿಕೆಯನ್ನು 'ಪೇರಿಗೈ' ಅಂತ ಬರೀತಾರೆ, ಅದರ ಅರ್ಥ ಭೇರಿ, ನಗಾರಿ. ಬಸ್ಸಿನ ಬೋರ್ಡಿಗೆ ಫೋನು ಹಿಡಿದು 'ಜೇನು ಹಣ್ಣು' ಅಂತ ಬಂದರೆ ತಮಾಷೆ. ಪಟ್ಟಾದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು ಇದ್ದರೆ ತಮಾಷೆ ಅಲ್ಲ. ಬೆಳೆ ಸಾಲ ನಿಲ್ಲುತ್ತೆ. ಅಪ್ಪ ತೀರಿಕೊಂಡ ಮೇಲೆ ವಾರಸು ಪತ್ರ ತಂದರೆ ಖಾತೆಯ ಹೆಸರಿಗೂ ಅದಕ್ಕೂ ಹೊಂದಲ್ಲ, ದುಡ್ಡು ಅಲ್ಲೇ ಕೂರುತ್ತೆ. ಆದ್ದರಿಂದ ಹೆಸರನ್ನು ಮಾತ್ರ ಯಾವತ್ತೂ ಆ್ಯಪ್‌ನಿಂದ ಎತ್ತಿ ಫಾರಂಗೆ ಹಾಕಬೇಡಿ. ಆಧಾರಿನಲ್ಲಿ ಇಂಗ್ಲಿಷ್ ಅಕ್ಷರ ಹೇಗಿದೆಯೋ ಹಾಗೇ, ಇನಿಷಿಯಲ್ ಸಮೇತ, ನೋಡಿಕೊಂಡು ಬರೀರಿ. ಇ-ಸೇವೆ ಕೇಂದ್ರದಲ್ಲಿ ಟೈಪ್ ಮಾಡೋರಿಗೂ ಇದನ್ನೇ ಹೇಳಿ, ಪ್ರಿಂಟ್ ಒತ್ತೋ ಮುಂಚೆ ತೋರಿಸೋಕೆ ಹೇಳಿ.

ಮರ್ಯಾದೆಯ ವಿಷಯವೂ ಇದೆ, ಇದನ್ನು ಯಾರೂ ಅಷ್ಟಾಗಿ ಗಮನಿಸಲ್ಲ. ತಮಿಳಿನಲ್ಲಿ 'ಅವರ್', ಕನ್ನಡದಲ್ಲಿ 'ಅವರು'. ಗಂಡಿಗೂ ಸೈ, ಹೆಣ್ಣಿಗೂ ಸೈ, ಮರ್ಯಾದೆಯ ಮಾತು. ನಡುವಿನ ಇಂಗ್ಲಿಷ್ 'ಹೀ' ಅಂತ ಮಾಡಿದರೆ, ಇಳಿಯೋವಾಗ 'ಅವನು' ಆಗಿ ಇಳಿಯುತ್ತೆ. ಅಮ್ಮನ ಬಗ್ಗೆ ಬರೆದದ್ದು 'ಅವನು' ಅಂತ ಆಗೋದುಂಟು. ಇನ್ನೊಂದು ಇದಕ್ಕಿಂತ ಸೂಕ್ಷ್ಮ. ನಮಗೆ 'ನಾವು' ಒಂದೇ. ತಮಿಳಿಗೆ ಎರಡು. 'ನಾಮ' ಅಂದರೆ ನೀನೂ ಸೇರಿ ನಾವೆಲ್ಲ, 'ನಾಂಗ' ಅಂದರೆ ನಿನ್ನನ್ನು ಬಿಟ್ಟು ನಾವು. ಕಚೇರಿಯಲ್ಲಿ "ನಾಂಗ ಪಾತ್ತುಕ್ಕಿರೋಂ" ಅಂದರೆ 'ನಾವು ನೋಡ್ಕೋತೀವಿ, ನೀವು ಹೋಗಿ' ಅಂತ. "ನಾಮ ಪಾತ್ತುಕ್ಕಲಾಂ" ಅಂದರೆ 'ಸೇರಿ ನೋಡೋಣ ಬನ್ನಿ' ಅಂತ. ಫೋನಿನಲ್ಲಿ ಎರಡೂ 'ನಾವು ನೋಡುತ್ತೇವೆ'. ಕೂರಬೇಕೋ ಎದ್ದು ಹೋಗಬೇಕೋ ಅನ್ನೋದು ಆ ಒಂದು ಪದದಲ್ಲಿತ್ತು, ಅದು ದಾರಿಯಲ್ಲೇ ಬಿದ್ದುಹೋಯ್ತು.

ಇಷ್ಟೆಲ್ಲಾ ಹೇಳಿದ್ದು ಆ್ಯಪ್ ಬೇಡ ಅನ್ನೋಕೆ ಅಲ್ಲ. ಅಜ್ಜಿಯ ನೋಟಿಸು ಫೋನು ಇಲ್ಲದಿದ್ದರೆ ಮನೆಯ ತೊಲೆಗೆ ಸಿಕ್ಕಿಸಿಕೊಂಡು ಹಾಗೇ ಇರ್ತಿತ್ತು. ಬಳಸೋ ರೀತಿ ಗೊತ್ತಿರಲಿ ಅಷ್ಟೇ. ಮೊದಲು ಅಂಕಿಗಳನ್ನು ಕಣ್ಣಲ್ಲೇ ಓದಿ. ದಿನಾಂಕ, ರೂಪಾಯಿ, ಶೇಕಡಾ ಯಾವ ಭಾಷೆಯಲ್ಲೂ ಬದಲಾಗಲ್ಲ, ಅನುವಾದದಲ್ಲಿ ಬಂದ ಅಂಕಿಯನ್ನು ಮೂಲದ ಅಂಕಿ ಜೊತೆ ತಾಳೆ ನೋಡಿ. ಕಾಗದದ ಕೊನೇ ಸಾಲಿನವರೆಗೂ ಕ್ಯಾಮೆರಾ ಇಳಿಸಿ, ಹೆದರಿಸೋ ಮಾತು ಯಾವಾಗಲೂ ಕೆಳಗೇ ಇರುತ್ತೆ. ಕನ್ನಡದಲ್ಲಿ ಬಂದದ್ದು ಅನುಮಾನ ಅನ್ನಿಸಿದರೆ ಅದೇ ಕನ್ನಡವನ್ನು ವಾಪಸ್ ತಮಿಳಿಗೆ ತಿರುಗಿಸಿ ನೋಡಿ, ಮೊದಲಿನ ಮಾತೇ ಬಂತಾ ಅಂತ. ನೀವೇ ಮಾತಾಡೋವಾಗ ಸಣ್ಣ ಸಣ್ಣ ವಾಕ್ಯ ಹೇಳಿ. ನಮ್ಮ ಮಾತಿನಲ್ಲಿ ಅರ್ಧ ತೆಲುಗು, ಕಾಲು ತಮಿಳು ಸೇರಿರುತ್ತೆ, "ಒಂಟೋದ", "ಬತ್ತದೆ" ಅಂದರೆ ಅದಕ್ಕೆ ತಿಳಿಯದೆ ಹೋಗಬಹುದು. ಪಾಪ, ಅದು ಕಲಿತಿರೋದು ಪತ್ರಿಕೆ ಕನ್ನಡ. ಇನ್ನೊಂದು, ಪ್ಲೇ ಸ್ಟೋರಿನಲ್ಲಿ ಇದೇ ಥರ ಹೆಸರಿಟ್ಟುಕೊಂಡು ನೂರೆಂಟು ಆ್ಯಪ್‌ಗಳಿವೆ. ಗೊತ್ತಿಲ್ಲದ ಆ್ಯಪ್‌ಗೆ ಆಧಾರ್, ಪಾಸ್‌ಬುಕ್, ಎಟಿಎಂ ಕಾರ್ಡಿನ ಫೋಟೋ ತೋರಿಸಬೇಡಿ. ಮೋಸ ಮಾಡೋರೂ ಈಗ ಇಂಥ ಆ್ಯಪ್ ಬಳಸಿಯೇ ಕನ್ನಡದಲ್ಲಿ ಮೆಸೇಜ್ ಕಳಿಸಬಹುದು. 'ಕನ್ನಡದಲ್ಲಿದೆ, ನಮ್ಮವರೇ ಇರಬೇಕು' ಅಂತ ನಂಬೋ ಕಾಲ ಹೋಯ್ತು. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಈಗ ಮುಖ್ಯವಾದ ಮಾತು. ಇತ್ತೀಚೆಗೆ ಒಂದು ವಾದ ಕೇಳಿಬರ್ತಿದೆ. ಕನ್ನಡದಲ್ಲಿ ಫಾರಂ ಕೊಡಿ, ಕನ್ನಡದಲ್ಲಿ ನೋಟಿಸ್ ಹಾಕಿ ಅಂತ ಕೇಳಿದರೆ, "ಫೋನ್ ಇದೆಯಲ್ಲಪ್ಪಾ, ಅದರಲ್ಲೇ ನೋಡ್ಕೊಳ್ಳಿ" ಅಂತಾರೆ. ಹೇಳೋರು ಕೆಟ್ಟವರೇನಲ್ಲ, ಕೆಲವರು ಸಹಾಯ ಮಾಡೋ ಮನಸ್ಸಿಂದಲೇ ಹೇಳ್ತಾರೆ. ನಮ್ಮ ಹುಡುಗರೂ ಕೆಲವರು ಹೌದಲ್ವಾ ಅಂತಾರೆ. ಅವರಿಗೆ ನಾವು ಕೇಳೋದು ಒಂದೇ ಪ್ರಶ್ನೆ: ಫೋನು ತಪ್ಪು ಹೇಳಿದರೆ ಯಾರು ಹೊಣೆ? ಕಚೇರಿಯಿಂದ ಕನ್ನಡದಲ್ಲಿ ಒಂದು ಕಾಗದ ಬಂದರೆ ಅದರ ಕೆಳಗೆ ಸೀಲು ಇರುತ್ತೆ, ಸಹಿ ಇರುತ್ತೆ, ತಪ್ಪಿದ್ದರೆ ಅದನ್ನೇ ಹಿಡಿದು ಕೇಳಬಹುದು. ಫೋನಿನ ಪರದೆಯ ಮೇಲೆ ಬಂದ ಕನ್ನಡಕ್ಕೆ ಸೀಲೂ ಇಲ್ಲ ಸಹಿಯೂ ಇಲ್ಲ. ನಾಳೆ ತಕರಾರು ಬಂದರೆ "ನನ್ನ ಫೋನು ಹಾಗೆ ಹೇಳ್ತು" ಅನ್ನೋದು ಎಲ್ಲೂ ನಡೆಯಲ್ಲ. ತಮಿಳು ಕಾಗದದ ಕೆಳಗೆ ನಮ್ಮ ಸಹಿ ಇರುತ್ತೆ, ಅಷ್ಟೇ ಲೆಕ್ಕಕ್ಕೆ ಬರೋದು.

ಅದಕ್ಕೇ, ಸಾಲದ ವಿಷಯದಲ್ಲಿ ಒಂದು ನಿಯಮ ಎಲ್ಲರೂ ತಿಳಿದುಕೊಳ್ಳಿ. ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 15ರಂದು ಒಂದು ಸುತ್ತೋಲೆ ಹೊರಡಿಸಿತು. 2024ರ ಅಕ್ಟೋಬರ್ 1ರಿಂದ ಮಂಜೂರಾಗೋ ಎಲ್ಲ ಹೊಸ ರೀಟೇಲ್ ಸಾಲಗಳಿಗೆ, ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅನ್ನೋ ಮುಖ್ಯ ಮಾಹಿತಿಯ ಹಾಳೆ ಕೊಡಲೇಬೇಕು. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತೆ, ಕಂತೆಷ್ಟು, ಎಲ್ಲ ಅದರಲ್ಲಿರಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕೋ ಹಾಗಿಲ್ಲ. ಅದರಲ್ಲಿ ಇನ್ನೊಂದು ಸಾಲಿದೆ, ಅದಕ್ಕೇ ಇದನ್ನು ಹೇಳ್ತಿರೋದು: ಆ ಹಾಳೆ ಸಾಲಗಾರನಿಗೆ ಅರ್ಥವಾಗೋ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಿ, ಅರ್ಥವಾಯ್ತು ಅಂತ ಒಪ್ಪಿಗೆ ಪಡೆಯಬೇಕು. ರಾಜ್ಯದ ಭಾಷೆ ಅಂತಿಲ್ಲ, ಸಾಲಗಾರನಿಗೆ ಅರ್ಥವಾಗೋ ಭಾಷೆ ಅಂತಿದೆ. ಹೊಸೂರಿನಲ್ಲಿ ಕೂತ ಕನ್ನಡಿಗ ಇದನ್ನು ಕನ್ನಡದಲ್ಲಿ ಕೇಳಬಹುದು. ಕೇಳೋರು ಕಡಿಮೆ, ಹಾಗಾಗಿ ಕೊಡೋರೂ ಕಡಿಮೆ.

ಹೆಣ್ಣುಮಕ್ಕಳ ಗುಂಪು ಸಾಲಕ್ಕೆ ಇದಕ್ಕಿಂತ ಮುಂಚೆಯೇ ನಿಯಮ ಇದೆ. ರಿಸರ್ವ್ ಬ್ಯಾಂಕಿನ 2022ರ ಮಾರ್ಚ್ ತಿಂಗಳ ಮೈಕ್ರೋಫೈನಾನ್ಸ್ ನಿರ್ದೇಶನದಲ್ಲಿ, ಸಾಲದ ಕರಾರು ಪತ್ರ ಮತ್ತು ಮನೆಗೆ ಕೊಡೋ ಸಾಲದ ಕಾರ್ಡಿನಲ್ಲಿ ಬರೆಯೋದೆಲ್ಲ ಸಾಲ ಪಡೆದವರಿಗೆ ಅರ್ಥವಾಗೋ ಭಾಷೆಯಲ್ಲೇ ಇರಬೇಕು ಅಂತಿದೆ. ತಂಗಿಯರೇ, ಅಮ್ಮನ ಹತ್ತಿರ ಆ ಕಾರ್ಡು ಇದ್ದರೆ ಇವತ್ತೇ ತೆಗೆದು ನೋಡಿ ಯಾವ ಭಾಷೆಯಲ್ಲಿದೆ ಅಂತ. ವಾರಕ್ಕೊಮ್ಮೆ ವಸೂಲಿಗೆ ಬರೋ ಹುಡುಗನ ಜೊತೆ ಜಗ್ಗಾಡಬೇಡಿ, ಅವನೂ ಕೂಲಿಯವನೇ. ಶಾಖೆಗೆ ಬರವಣಿಗೆಯಲ್ಲಿ ಕೇಳಿ, ಒಂದು ನಕಲು ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆ ಇದೆ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ವಿಚಾರಿಸಬಹುದು.

ಸರ್ಕಾರಿ ಕಚೇರಿ ವಿಷಯ ಬೇರೆ. ಅಲ್ಲಿ ನಮ್ಮ ಕೈಯಲ್ಲಿರೋದು ಸಂವಿಧಾನದ 350ನೇ ವಿಧಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ್ದಾಗಲಿ ರಾಜ್ಯದ್ದಾಗಲಿ ಯಾವುದೇ ಅಧಿಕಾರಿಗೆ, ಆ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ಕೊಡಬಹುದು ಅನ್ನುತ್ತೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಅದರಲ್ಲಿಲ್ಲ, ಇಲ್ಲದ್ದನ್ನು ಇದೆ ಅಂತ ಹೇಳಿ ನಿಮ್ಮನ್ನು ಹುರಿದುಂಬಿಸೋದು ಬೇಡ. ಇದರ ಜೊತೆಗೆ, ಒಂದು ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ಕನಿಷ್ಠ ಶೇ. 15 ಇದ್ದರೆ ಮುಖ್ಯ ನಿಯಮ, ನೋಟಿಸುಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು ಅನ್ನೋ ಒಪ್ಪಿತ ಮಾನದಂಡ 1950ರ ದಶಕದ ಕೊನೆಯಿಂದಲೂ ಇದೆ. 350ಬಿ ವಿಧಿಯ ಕೆಳಗೆ ಬರೋ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕೆಲಸವೇ ಇಂಥದ್ದನ್ನು ನೋಡೋದು. ಒಂದು ಆ್ಯಪ್ ಬಂತು ಅಂತ ಇವೆಲ್ಲ ಹಳೇ ಕಾಗದ ಆಗಿಬಿಡಬಾರದು. ಕನ್ನಡದಲ್ಲಿ ಮನವಿ ಬರೆಯೋಕೆ ಕಷ್ಟ ಅನ್ನೋ ತಮ್ಮಂದಿರು ಇದ್ದಾರೆ. ತಮಿಳಿನಲ್ಲಿ ಯೋಚಿಸಿ ಬರೆದು ಆ್ಯಪ್‌ನಲ್ಲಿ ಕನ್ನಡ ಮಾಡಿ, ಮನೆಯ ಹಿರಿಯರಿಂದ ತಿದ್ದಿಸಿ ಕೊಡಿ. ಹೀಗೆ ಅದನ್ನು ನಮ್ಮ ಕಡೆಗೂ ದುಡಿಸಿಕೊಳ್ಳಬಹುದು.

ಆ್ಯಪ್ ಇದೆ ಅಂತ ತಮಿಳು ಓದೋದನ್ನೋ ಕನ್ನಡ ಓದೋದನ್ನೋ ಬಿಟ್ಟರೆ ಎರಡೂ ಕಡೆ ನಷ್ಟ. 2021ರ ಡಿಸೆಂಬರ್‌ನ ಸರ್ಕಾರಿ ಆದೇಶದ ಮೇಲೆ ರಾಜ್ಯದ ನೇಮಕಾತಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಕಡ್ಡಾಯ, ಅದರಲ್ಲಿ ಕನಿಷ್ಠ ಶೇ. 40 ಅಂಕ ಬೇಕು. ಪರೀಕ್ಷೆ ಹಾಲಿಗೆ ಫೋನು ಬಿಡಲ್ಲ. ತಮಿಳನ್ನು ಚೆನ್ನಾಗೇ ಕಲೀರಿ, ಅದು ಅನ್ನದ ಮಾತು. ಕನ್ನಡ ಅಕ್ಷರ ಬಾರದ ತಮ್ಮಂದಿರಿಗೆ ಒಂದು ಮಾತು: ನಿಮಗೆ ಮಾತು ಆಗಲೇ ಬರುತ್ತೆ, ಉಳಿದಿರೋದು ಅಕ್ಷರಮಾಲೆ ಒಂದೇ. ದಿನಕ್ಕೆ ಅರ್ಧ ಗಂಟೆ ಕೂತರೆ ಎರಡು ಮೂರು ತಿಂಗಳ ಕೆಲಸ. ಆಗ ಫೋನು ತೋರಿಸೋ ಕನ್ನಡದಲ್ಲಿ ತಪ್ಪೆಲ್ಲಿದೆ ಅಂತ ನಿಮಗೇ ಕಾಣುತ್ತೆ.

ಯಂತ್ರಕ್ಕೆ ನಮ್ಮ ಮಾತು ಗೊತ್ತಿಲ್ಲ ಅಂದೆವಲ್ಲಾ, ಅದಕ್ಕೂ ನಾವು ಮಾಡಬಹುದಾದ ಕೆಲಸ ಇದೆ. ಯಂತ್ರ ಕಲಿಯೋದು ಜನ ಬರೆದದ್ದರಿಂದ, ಜನ ಆಡಿದ್ದರಿಂದ. ಚೆನ್ನೈನ ಐಐಟಿ ಮದ್ರಾಸ್‌ನಲ್ಲಿರೋ 'ಎಐ4ಭಾರತ್' ತಂಡ 2023ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗೂ ಅನುವಾದದ ಮಾದರಿ ಬಿಡುಗಡೆ ಮಾಡಿತು. ಭಾರತದ ಒಂದು ಭಾಷೆಯಿಂದ ಇನ್ನೊಂದಕ್ಕೆ ನೇರ ಹೋಗೋದನ್ನೂ ಮಾಡ್ತಿದ್ದಾರೆ. ಲಂಡನ್ ಸುತ್ತದೆ ತಮಿಳಿಂದ ಕನ್ನಡಕ್ಕೆ ಬರೋ ದಾರಿ ನಮ್ಮ ರಾಜ್ಯದ ರಾಜಧಾನಿಯಲ್ಲೇ ಆಗ್ತಿದೆ ಅನ್ನೋದು ನಮಗಂತೂ ಸಂತೋಷ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಶುರು ಮಾಡಿದ 'ಭಾಷಿಣಿ'ಯಲ್ಲಿ 'ಭಾಷಾ ದಾನ' ಅಂತ ಒಂದು ಭಾಗ ಇದೆ. ಕನ್ನಡ ವಾಕ್ಯ ಓದಿ ಧ್ವನಿ ಕೊಡಬಹುದು, ಬೇರೆಯವರು ಓದಿದ್ದನ್ನು ಕೇಳಿ ಸರಿಯೋ ತಪ್ಪೋ ಹೇಳಬಹುದು. ಬೆಂಗಳೂರಿನವರ, ಧಾರವಾಡದವರ ಧ್ವನಿ ಅಲ್ಲಿಗೆ ಹೇಗೂ ಹೋಗುತ್ತೆ. ಅಂಚೆಟ್ಟಿಯವರ, ಬಾಗಲೂರಿನವರ ಧ್ವನಿ ನಾವು ಕೊಟ್ಟರೆ ಮಾತ್ರ ಹೋಗೋದು. ವಾಟ್ಸ್ಆ್ಯಪ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡೋದನ್ನೂ ದಯವಿಟ್ಟು ಕಡಿಮೆ ಮಾಡಿ.

ಹೊರಡೋ ಮುಂಚೆ ಒಂದು ಕೆಲಸ. ಕಾಡಂಚಿನ ಊರುಗಳಲ್ಲಿ ಟವರ್ ಸಿಗಲ್ಲ ಅಂತ ನೀವೇ ಹೇಳ್ತಿರ್ತೀರಿ. ಟ್ರಾನ್ಸ್‌ಲೇಟ್ ಆ್ಯಪ್‌ನ ಸೆಟ್ಟಿಂಗ್ಸ್ ತೆರೆದು, ತಮಿಳು, ಕನ್ನಡ ಎರಡನ್ನೂ ಇಲ್ಲೇ ಈಗಲೇ ಡೌನ್‌ಲೋಡ್ ಮಾಡಿಕೊಳ್ಳಿ, ಆಮೇಲೆ ನೆಟ್ ಇಲ್ಲದಿದ್ದರೂ ನಡೆಯುತ್ತೆ. ಗುಂಪು ಸಾಲದ ಕಾರ್ಡು, ಪಟ್ಟಾ, ಇಸಿ ತಂದಿರೋರು ಊಟ ಆದ ಮೇಲೆ ಆ ಕಿಟಕಿ ಪಕ್ಕದ ಬೆಂಚಿಗೆ ಬನ್ನಿ, ಒಂದೊಂದಾಗಿ ಕೂತು ಓದೋಣ. ತರದೇ ಇರೋರು ಮುಂದಿನ ಸಲ ತನ್ನಿ, ಜೊತೆಗೆ ಅಜ್ಜಿಯನ್ನೂ ಕರೆದುಕೊಂಡು ಬನ್ನಿ.